ನಂಗು ಮೀನು: ಕಡಲತಳದ ಚಪ್ಪಟೆ ಜೀವಿ

ನಂಗು ಅರಬ್ಬೀ ಸಮುದ್ರದ ತಳದಲ್ಲಿ ವಾಸಿಸುವ ಚಪ್ಪಟೆ ಮೀನು. ಕರ್ನಾಟಕದ ಕರಾವಳಿಯಲ್ಲಿ ಇದು ನಂಗು. ಕೊಂಕಣಿಯಲ್ಲಿ ಲೇಪೊ, ಮರಾಠಿಯಲ್ಲಿ ಲೇಪ. ಸಾಂಗ್ಲಿ, ಮಿರಜಗಳಿಗೆ ಸಮೀಪದ ಕಡಲು ರತ್ನಾಗಿರಿಯದಾದ್ದರಿಂದ ಈ ಭಾಗದ ಕನ್ನಡಿಗರು ಇದನ್ನು ಮರಾಠಿ ಹೆಸರಿನಿಂದ ಗುರುತಿಸುವುದು ಸಹಜ. ಆದರೆ ಪೇಟೆಯ ಲೇಪಕ್ಕೆ ಕನ್ನಡದಲ್ಲಿಯೂ ತನ್ನದೇ ಹೆಸರಿದೆ ಎಂಬುದು ತಿಳಿದಿರಬೇಕಾದ ಸಂಗತಿ.

ಈ ಹೆಸರುಗಳು ಹಲವು ಜಾತಿಗಳಿಗೆ ಸಲ್ಲುತ್ತವೆ. ಅವುಗಳಲ್ಲಿ ಕರ್ನಾಟಕ ಹಾಗೂ ಕೇರಳದ ತೀರಗಳಲ್ಲಿ ಹೇರಳವಾಗಿ ಸಿಗುವುದು ಮಲಬಾರ್ ನಂಗು. 1928ರಲ್ಲಿ ನಾರ್ಮನ್ ಎಂಬ ವಿಜ್ಞಾನಿ ಇದನ್ನು ಸೈನೊಗ್ಲಾಸಸ್ ಮ್ಯಾಕ್ರೊಸ್ಟೋಮಸ್ ಎಂದು ಹೆಸರಿಸಿದನು. ಮೊದಲ ಪದಕ್ಕೆ ಗ್ರೀಕಿನಲ್ಲಿ ನಾಯಿಯ ನಾಲಿಗೆ ಎಂದರ್ಥ. ಮೀನಿನ ಆಕಾರವೂ ಅದೇ.

ಉದ್ದ ಸಾಮಾನ್ಯವಾಗಿ 15 ಸೆಂ.ಮೀ. ಆಸುಪಾಸು. ಎರಡು ಕಣ್ಣುಗಳೂ ಎಡಮಗ್ಗುಲಲ್ಲಿಯೇ ಇರುತ್ತವೆ. ಕಣ್ಣಿರುವ ಮೈ ಕೆಸರಿನಂತೆ ಕಂದು, ನೆಲಕ್ಕೆ ತಾಗುವ ಮೈ ಬಿಳಿ. ಬೆನ್ನಿನ ಮತ್ತು ಹೊಟ್ಟೆಯ ಅಂಚಿನ ರೆಕ್ಕೆಗಳು ಬಾಲದ ರೆಕ್ಕೆಯೊಡನೆ ಕೂಡಿ ಒಂದೇ ಅಂಚುಪಟ್ಟಿಯಾಗಿವೆ. ಎದೆಯ ರೆಕ್ಕೆಗಳಿಲ್ಲ. ಅಡುಗೆಗೆ ಮುನ್ನ ತಲೆಯ ಕಡೆಯಿಂದ ಚರ್ಮವನ್ನು ಸುಲಿದು ತೆಗೆಯುವುದು ವಾಡಿಕೆ.

ಹುಟ್ಟಿನಲ್ಲಿ ನಂಗು ಹೀಗಿರುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿಗೆ ಇತರ ಮೀನುಗಳಂತೆ ಎರಡೂ ಮಗ್ಗುಲಲ್ಲಿ ಒಂದೊಂದು ಕಣ್ಣಿದ್ದು, ಅದು ನೆಟ್ಟಗೆ ಈಜುತ್ತದೆ. ಬೆಳೆದಂತೆ ಬಲಗಣ್ಣು ತಲೆಯನ್ನು ದಾಟಿ ಎಡಕ್ಕೆ ಸರಿಯುತ್ತದೆ. ಬಳಿಕ ಮರಿ ಬಲಮಗ್ಗುಲಾಗಿ ತಳಕ್ಕೆ ಇಳಿದು ಅಲ್ಲಿಯೇ ನೆಲೆಸುತ್ತದೆ. ಮರಳು, ಕೆಸರುಗಳಲ್ಲಿ ಮೈಹುದುಗಿಸಿ ಕಣ್ಣುಗಳನ್ನಷ್ಟೆ ಹೊರಗಿಟ್ಟು ಮಲಗುವುದು ಇದರ ಸ್ವಭಾವ. ತಳದ ಹುಳುಗಳು ಮತ್ತು ಸಿಗಡಿ ಜಾತಿಯ ಸಣ್ಣ ಜೀವಿಗಳು ಇದರ ಆಹಾರ. ಈಜುವಾಗ ಮೈಯನ್ನು ಅಲೆಯಂತೆ ಬಳುಕಿಸುತ್ತ ನೆಲಕ್ಕೆ ಅಂಟಿದಂತೆ ಸಾಗುತ್ತದೆ.

ಬೇಟೆಗಾರ ಮೀನುಗಳಿಂದ ಪಾರಾಗಲು ಅಲುಗಾಡದೆ ಮಲಗುವುದು ಒಳ್ಳೆಯ ಉಪಾಯ. ಆದರೆ ಕಡಲತಳವನ್ನು ಗೋರುತ್ತ ಬರುವ ಟ್ರಾಲ್ ಬಲೆಯೆದುರು ಅದು ಸಾಲದು. ಮಳೆಗಾಲದ ಕೊನೆಗೆ ನಂಗು ತೀರದ ಸಮೀಪ ದಟ್ಟವಾಗಿ ಸೇರುವುದರಿಂದ ಒಂದೇ ಬಲೆಗೆ ದೊಡ್ಡವೂ ಮರಿಗಳೂ ಒಟ್ಟಿಗೆ ಬೀಳುತ್ತವೆ. ಮೀನುಗಳ ವಂಶಾಭಿವೃದ್ಧಿಗೆ ಅವಕಾಶವಾಗಲೆಂದು ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಕೇರಳವು ಮಲಬಾರ್ ನಂಗಿಗೆ 9 ಸೆಂ.ಮೀ. ಕನಿಷ್ಠ ಉದ್ದವನ್ನು ಗೊತ್ತುಮಾಡಿದೆ. ಅದಕ್ಕಿಂತ ಚಿಕ್ಕದನ್ನು ಹಿಡಿಯುವಂತಿಲ್ಲ.

ಕಡಲಿನಿಂದ ದೂರವಿರುವ ಗ್ರಾಹಕನಿಗೂ ಈ ಅಳತೆ ಉಪಯುಕ್ತ. ಲೇಪವೆನ್ನಲಿ, ನಂಗೆನ್ನಲಿ, ಬೆರಳುದ್ದದ ಮರಿಗಳನ್ನು ಕೊಳ್ಳದೆ ಬಿಟ್ಟರೆ ಅವುಗಳನ್ನು ಹಿಡಿದು ತರುವ ಆಸೆಯೂ ಕುಗ್ಗುತ್ತದೆ.