ಬೂಟಿನಂಗಡಿಯ ಗೋಣಿಚೀಲ, ಶಿವಕಾಶಿಯ ಕ್ಯಾಲೆಂಡರ್

ಹೊಸದಾಗಿ ಕೆಫೆನೋ, ಬಟ್ಟೆ ಅಂಗಡಿನೋ ಶುರು ಮಾಡೋ ನಮ್ಮ ವಯಸ್ಸಿನವರು ಮೊದಲ ತಿಂಗಳಲ್ಲೇ ಮಾಡೋ ಒಂದು ಖರ್ಚಿದೆ. ಲೋಗೋ ಹಾಕಿದ ಟೀ ಶರ್ಟು, ಮಗ್ಗು, ಕೀ ಚೈನು. ಸಾಲದ ದುಡ್ಡಲ್ಲಿ ನೂರು ಟೀ ಶರ್ಟ್ ಮಾಡಿಸಿ, ಅದರಲ್ಲಿ ಎಂಬತ್ತು ಮಂಚದ ಕೆಳಗೆ ಡಬ್ಬದಲ್ಲೇ ಉಳಿಯೋದನ್ನ ನೀವೂ ನೋಡಿರ್ತೀರಿ. ಈ ಪದ್ಧತಿ ಎಲ್ಲಿಂದ ಬಂತು, ಇದರಲ್ಲಿ ದುಡ್ಡು ಮಾಡಿದ್ದು ಯಾರು ಅಂತ ಇವತ್ತು ನೋಡೋಣ.

ಅಮೆರಿಕದ ಒಹಾಯೋ ರಾಜ್ಯದಲ್ಲಿ ಕೊಶಾಕ್ಟನ್ ಅನ್ನೋ ಸಣ್ಣ ಊರು. ಕಾಲ 1880ರ ದಶಕ. ಜಾಸ್ಪರ್ ಮೀಕ್ ಅಂತ ಒಬ್ಬ ಪತ್ರಿಕೆ ಅಚ್ಚು ಹಾಕೋನು. ಅವನ ತಲೆನೋವು ಏನು ಗೊತ್ತಾ? ಪತ್ರಿಕೆ ಅಚ್ಚಾದ ಮೇಲೆ ಮಷೀನು ಸುಮ್ಮನೆ ನಿಂತಿರುತ್ತೆ. ಬಾಡಿಗೆ, ಸಂಬಳ ಮಾತ್ರ ನಿಲ್ಲಲ್ಲ. ಕಾಮರ್ಸ್ ಓದಿದವರಿಗೆ ಇದು ಹಳೇ ಪಾಠ: ಖಾಲಿ ಕೂತ ಯಂತ್ರ ಅಂದ್ರೆ ದಿನಾ ಸೋರೋ ನಲ್ಲಿ.

ಆಗ ಶಾಲೆಗೆ ಹೋಗ್ತಿದ್ದ ಒಂದು ಮಗು ಕೈಯಲ್ಲಿದ್ದ ಪುಸ್ತಕಗಳನ್ನ ಬೀದಿಯಲ್ಲಿ ಬೀಳಿಸಿಕೊಂಡಿದ್ದು ಮೀಕ್ ಕಣ್ಣಿಗೆ ಬಿತ್ತು ಅಂತ ಕಥೆ ಹೇಳ್ತಾರೆ. ಅವನು ಸೀದಾ ಹೋಗಿದ್ದು ಗೆಳೆಯ ಕ್ಯಾಂಟ್‌ವೆಲ್‌ನ ಬೂಟಿನ ಅಂಗಡಿಗೆ. ಗೋಣಿಬಟ್ಟೆಯ ಪುಸ್ತಕದ ಚೀಲ ಮಾಡಿ, ಮೇಲೆ ‘ಕ್ಯಾಂಟ್‌ವೆಲ್ ಬೂಟು ಕೊಳ್ಳಿ’ ಅಂತ ಅಚ್ಚು ಹಾಕಿ ಕೊಡ್ತೀನಿ, ಅಂಗಡಿಗೆ ಬಂದ ಪ್ರತಿ ಮಗುವಿಗೂ ಪುಕ್ಕಟೆ ಕೊಡು ಅಂದ. ಮಕ್ಕಳು ಚೀಲ ಹೆಗಲಿಗೆ ಹಾಕ್ಕೊಂಡು ಊರೆಲ್ಲ ಸುತ್ತಿದ್ರು. ಜಾಹೀರಾತು ತಾನಾಗೇ ನಡ್ಕೊಂಡು ಹೋಯ್ತು.

ಇಲ್ಲೊಂದು ವಿಷಯ ಗಮನಿಸಿ. ಕ್ಯಾಂಟ್‌ವೆಲ್ ಮಾರ್ತಿದ್ದದ್ದು ಬೂಟು, ಕೊಟ್ಟದ್ದು ಚೀಲ. ಊರಲ್ಲಿ ಮಕ್ಕಳಿಗೆ ಏನಿಲ್ಲ ಅನ್ನೋದನ್ನ ಮೊದಲು ನೋಡಿದ್ರು, ಹೆಸರು ಆಮೇಲೆ ಬಂತು. ನಮ್ಮ ಟೀ ಶರ್ಟ್ ಕಥೆ ಉಲ್ಟಾ. ಮೊದಲು ಲೋಗೋ, ಆಮೇಲೆ ಅದನ್ನ ಯಾವುದರ ಮೇಲೆ ಅಂಟಿಸೋಣ ಅನ್ನೋ ಹುಡುಕಾಟ. ಇನ್ನೂ ಯಾರಿಗೂ ಗೊತ್ತಿಲ್ಲದ ಕೆಫೆಯ ಹೆಸರನ್ನ ಎದೆ ಮೇಲೆ ದೊಡ್ಡದಾಗಿ ಹಾಕ್ಕೊಂಡು ಓಡಾಡೋಕೆ ಗೆಳೆಯರೇ ಹಿಂಜರೀತಾರೆ, ಬೇರೆಯವರ ಮಾತು ಬಿಡಿ.

ಮೀಕ್ ಆಮೇಲೆ ಇದನ್ನೇ ಕಸುಬು ಮಾಡ್ಕೊಂಡ. ಟಸ್ಕರೋರಾ ಅಡ್ವರ್ಟೈಸಿಂಗ್ ಕಂಪನಿ ಕಟ್ಟಿದ. ಅಂಗಡಿ ಹೆಸರು ಹೊತ್ತ ಟೋಪಿ, ಏಪ್ರನ್, ಕುದುರೆ ಮೇಲೆ ಹೊದಿಸೋ ಬಟ್ಟೆ ಎಲ್ಲ ಬಂತು. ಅದೇ ಊರಿನ ಇನ್ನೊಬ್ಬ ಮುದ್ರಕ ಹೆನ್ರಿ ಬೀಚ್ ಸುಮ್ಮನಿರ್ತಾನಾ? ಪೈಪೋಟಿಗೆ ಇಳಿದ. 1901ರಲ್ಲಿ ಇಬ್ಬರೂ ಒಂದಾದ್ರು, ಹೆಚ್ಚು ದಿನ ಹೊಂದಲಿಲ್ಲ, ಬೀಚ್ ಹೊರಗೆ ಬಂದು ತನ್ನದೇ ಕಂಪನಿ ಮಾಡಿದ. ಮೀಕ್ ಕಟ್ಟಿದ ಕಂಪನಿ ಮುಂದೆ ಅಮೆರಿಕನ್ ಆರ್ಟ್ ವರ್ಕ್ಸ್ ಅಂತಾಯ್ತು, ಕೋಕಾ ಕೋಲಾದ ತಗಡಿನ ಟ್ರೇಗಳನ್ನ ಅಚ್ಚು ಹಾಕ್ತು. ಬೂಟಿನ ಅಂಗಡಿಯ ಹೆಸರು ಇವತ್ತು ನಮಗೆ ಗೊತ್ತಿರೋದೇ ಆ ಚೀಲದಿಂದ. ದೊಡ್ಡದಾಗಿ ಬೆಳೆದದ್ದು ಅಚ್ಚು ಹಾಕಿದವನ ವ್ಯಾಪಾರ.

ಇದೇ ಲೆಕ್ಕ ನಮ್ಮ ಕಡೆ ಕ್ಯಾಲೆಂಡರಿನಲ್ಲಿ ಸಿಗುತ್ತೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರ ಸಾಮಾನ್ಯರ ಗೋಡೆಗೂ ಬಂತು. ಸೋಪು, ಗ್ರೈಪ್ ವಾಟರ್ ಕಂಪನಿಗಳು ಅಂಥ ಚಿತ್ರಗಳ ಜೊತೆ ತಮ್ಮ ಹೆಸರು ಸೇರಿಸಿದವು. ಮುಂದೆ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರ ಚಿತ್ರಗಳೂ ಕ್ಯಾಲೆಂಡರ್ ಏರಿಯೇ ಮನೆಮನೆ ಮುಟ್ಟಿದ್ದು.

ಸಣ್ಣ ಅಂಗಡಿಗೆ ಈ ದಾರಿ ತೆರೆದದ್ದು ತಮಿಳುನಾಡಿನ ಶಿವಕಾಶಿ. 1920ರ ದಶಕದಲ್ಲಿ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಕಲ್ಕತ್ತಾಕ್ಕೆ ಹೋಗಿ ಬೆಂಕಿಪೊಟ್ಟಣ ಮಾಡೋದು ಕಲಿತು ಬಂದ್ರು. ಪೊಟ್ಟಣಕ್ಕೆ ಲೇಬಲ್ ಬೇಕು, ಲೇಬಲ್‌ಗೆ ಪ್ರೆಸ್ ಬೇಕು. ಬಂದ ಪ್ರೆಸ್ಸಿಗೆ ಕೆಲಸವೂ ಬೇಕಲ್ಲ! ಡೈರಿ, ಕ್ಯಾಲೆಂಡರ್ ಎಲ್ಲ ಅಲ್ಲೇ ಬೆಳೀತು. ಅವರ ಉಪಾಯ ಸರಳ: ದೇವರ ಚಿತ್ರ ಒಟ್ಟಿಗೆ ಸಾವಿರಾರು ಅಚ್ಚು ಹಾಕಿ, ಕೆಳಗೆ ಜಾಗ ಖಾಲಿ ಬಿಡೋದು. ಅಂಗಡಿಯವರು ಆಲ್ಬಮ್ ನೋಡಿ ಚಿತ್ರ ಆರಿಸ್ತಾರೆ, ಆ ಖಾಲಿ ಜಾಗಕ್ಕೆ ಅವರ ಹೆಸರು, ವಿಳಾಸ ಬೀಳುತ್ತೆ. ಚಿತ್ರ ಬರೆಸೋ ದೊಡ್ಡ ಖರ್ಚು ನೂರಾರು ಅಂಗಡಿಗಳಲ್ಲಿ ಹಂಚಿಹೋಗುತ್ತೆ. ಹೊಸ ಕಿರಾಣಿ ಅಂಗಡಿಯವನಿಗೂ ಕೈಗೆಟುಕುತ್ತೆ.

ಮನೆಯವರೂ ಅದನ್ನ ಕೇಳಿ ಇಸ್ಕೊಳ್ತಾರೆ. ಡಿಸೆಂಬರ್ ಬಂದ್ರೆ ‘ಕ್ಯಾಲೆಂಡರ್ ಬಂತಾ ಅಣ್ಣಾ?’ ಅನ್ನೋದು ಯಾವ ಅಂಗಡಿ ಮುಂದೆ ಕೇಳಿಸಲ್ಲ ಹೇಳಿ? ಅಮಾವಾಸ್ಯೆ, ಏಕಾದಶಿ, ರಾಹುಕಾಲ ನೋಡಬೇಕು, ಹಾಲಿನ ಲೆಕ್ಕ ಗುರುತು ಹಾಕಬೇಕು. ಮೇಲೆ ವೆಂಕಟರಮಣ ಇದ್ದಾನೆ, ಕಸಕ್ಕೆ ಹಾಕೋಕೂ ಮನಸ್ಸು ಬರಲ್ಲ. ಒಂದಕ್ಕೆ 40 ರೂಪಾಯಿ ಬಿತ್ತು ಅಂದ್ಕೊಳ್ಳಿ, 365 ದಿನಕ್ಕೆ ಹಂಚಿದ್ರೆ ದಿನಕ್ಕೆ 11 ಪೈಸೆ. 300 ರೂಪಾಯಿ ಟೀ ಶರ್ಟನ್ನ ವರ್ಷಕ್ಕೆ ನಾಲ್ಕು ಸಲ ಹಾಕ್ಕೊಂಡ್ರೆ? ಸಲಕ್ಕೆ 75 ರೂಪಾಯಿ. ನಮ್ಮ ಮದುವೆಮನೆಗಳ ತಾಂಬೂಲದ ಚೀಲ ಈ ಲೆಕ್ಕದಲ್ಲಿ ಎಲ್ಲರನ್ನೂ ಸೋಲಿಸುತ್ತೆ. ವಧು ವರರ ಹೆಸರು ಹೊತ್ಕೊಂಡು ವರ್ಷಗಟ್ಟಲೆ ಸಂತೆಗೆ ಹೋಗ್ತಾನೇ ಇರುತ್ತೆ!

ಅಂದಹಾಗೆ, ಹೊಸ ವ್ಯಾಪಾರ ಶುರು ಮಾಡಿ ಕ್ಯಾಲೆಂಡರ್ ಯೋಚನೆ ಮಾಡ್ತಿರೋರು ಡಿಸೆಂಬರ್‌ವರೆಗೆ ಕಾಯಬೇಡಿ. ಶಿವಕಾಶಿಯಲ್ಲಿ ಮುಂದಿನ ವರ್ಷದ ಆಲ್ಬಮ್ ಹೊರಬರೋದು ತಮಿಳಿನ ಆಡಿ ತಿಂಗಳ 18ಕ್ಕೆ. ಅಂದ್ರೆ ಆಗಸ್ಟ್ ಮೊದಲ ವಾರ.