ಓಡುವ ಕರ್ನೆಲ್‌ಗೆ ನಾಡಿ ಹಿಡಿದವರು

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಓಡುತ್ತಿರುವಾಗಲೇ ಅದರೊಳಗೆ ಇಣುಕಿ ನೋಡುವುದು, ಅದು ಕುಸಿದರೆ ಕಾರಣ ಹುಡುಕುವುದು, ಅದರ ಮೇಲೆ ಕಣ್ಣಿಗೆ ಬೀಳದಂತೆ ದುಡಿಯುವ ಹಿನ್ನೆಲೆ ಸೇವೆಗಳನ್ನು ಪರೀಕ್ಷಿಸುವುದು ಸರ್ವರ್ ನೋಡಿಕೊಳ್ಳುವವರ ದಿನನಿತ್ಯದ ಕೆಲಸ. ಇದಕ್ಕೆ ಅವರು ಕಪ್ಪು ಪರದೆಯ ಮೇಲೆ ಟೈಪ್ ಮಾಡುವ ಹಲವು ಕಮಾಂಡ್‌ಗಳಿಗೆ ಆಧಾರವಾದ ಸಂಕೇತ 2000ದಿಂದ 2012ರವರೆಗಿನ ಅವಧಿಯಲ್ಲಿ ಬೆಂಗಳೂರಿನಲ್ಲಿ ಬರೆದದ್ದು. ಕರ್ನಾಟಕದ ಸಾಫ್ಟ್‌ವೇರ್ ಚರಿತ್ರೆಯೆಂದರೆ ಹೊರಗುತ್ತಿಗೆ, ಕಾಲ್ ಸೆಂಟರ್, ಗಾಜಿನ ಕಟ್ಟಡಗಳ ಕಥೆ ಎಂದೇ ರೂಢಿಯಾಗಿರುವುದರಿಂದ ಈ ಅಧ್ಯಾಯ ಹೆಚ್ಚಾಗಿ ಮರೆಯಲ್ಲೇ ಉಳಿದಿದೆ.

ಇದಕ್ಕೆ ಬೇಕಾದ ನೆಲ ಹದವಾದದ್ದು ಇನ್ನೂ ಮೊದಲೇ. 1980ರ ದಶಕದಲ್ಲಿ ವಿಪ್ರೊದಂಥ ಕಂಪನಿಗಳು ಯೂನಿಕ್ಸ್ ಯಂತ್ರಗಳನ್ನು ತಯಾರಿಸುತ್ತಿದ್ದವು. ಬ್ಯಾಂಕುಗಳ ಗಣಕೀಕರಣಕ್ಕೂ ಯೂನಿಕ್ಸ್ ಬಳಕೆಯಾಯಿತು. ಹೀಗಾಗಿ ಕಮಾಂಡ್‌ಗಳಲ್ಲಿ ಪಳಗಿದ ಎಂಜಿನಿಯರುಗಳಿಗೆ ಊರಿನಲ್ಲಿ ಬರವಿರಲಿಲ್ಲ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿಯನ್ನು ಸಂಚಿಕೆಯ ಜೊತೆಗೇ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್ (1962–2013). ಇಂಟರ್ನೆಟ್ ದುಬಾರಿಯಾಗಿದ್ದ ಕಾಲದಲ್ಲಿ ಅನೇಕರಿಗೆ ಲಿನಕ್ಸ್ ಕೈಗೆ ಸಿಕ್ಕಿದ್ದೇ ಈ ಸಿಡಿಯಿಂದ. 2001ರಲ್ಲಿ ಆರಂಭವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಮುಂದೆ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ ನಡೆಯಿತು.

ಆಗ ಕರ್ನೆಲ್ ನಿರ್ವಹಣೆಯೆಂದರೆ ಸಾಹಸವೇ. ಮೂಲ ಸಂಕೇತವನ್ನು ಬಿಚ್ಚಿ, ಬೇಕಾದ ಡ್ರೈವರುಗಳನ್ನು ಒಂದೊಂದಾಗಿ ಆರಿಸಿ, ‘ಮೇಕ್’ ಕಮಾಂಡ್ ಕೊಟ್ಟು ಗಂಟೆಗಟ್ಟಲೆ ಕಾಯಬೇಕಿತ್ತು. ಹೊಸ ಕರ್ನೆಲ್ ಸಿದ್ಧವಾದ ಮೇಲೂ ‘ಲಿಲೊ’ ಎಂಬ ಇನ್ನೊಂದು ಕಮಾಂಡ್ ಓಡಿಸುವುದನ್ನು ಮರೆಯುವಂತಿರಲಿಲ್ಲ. ಕರ್ನೆಲ್ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದನ್ನು ಲಿಲೊ ಕಡತದ ಹೆಸರಿನಿಂದಲ್ಲ, ಡಿಸ್ಕಿನ ಬ್ಲಾಕ್ ಸಂಖ್ಯೆಯಿಂದ ನೆನಪಿಟ್ಟುಕೊಳ್ಳುತ್ತಿತ್ತು. ಕಡತ ಬದಲಾಗಿ ಸಂಖ್ಯೆ ಹಳೆಯದೇ ಉಳಿದರೆ ಮುಂದಿನ ಸಲ ಯಂತ್ರ ಏಳುತ್ತಲೇ ಇರಲಿಲ್ಲ.

ಹವ್ಯಾಸಿಗಳ ಈ ಲೋಕಕ್ಕೆ ದೊಡ್ಡ ದುಡ್ಡು ಬಂದದ್ದು ಐಬಿಎಂನಿಂದ. ಲಿನಕ್ಸ್ ಟೆಕ್ನಾಲಜಿ ಸೆಂಟರ್ ಸ್ಥಾಪಿಸಿದ ಆ ಕಂಪನಿ ಲಿನಕ್ಸ್‌ಗಾಗಿ 2001ರಲ್ಲಿ 100 ಕೋಟಿ ಡಾಲರ್ ತೊಡಗಿಸುವುದಾಗಿ ಘೋಷಿಸಿತು; ಸೆಂಟರಿನ ಒಂದು ತಂಡ ಬೆಂಗಳೂರಿನಲ್ಲಿತ್ತು. ಬ್ಯಾಂಕು, ವಿಮಾ ಕಂಪನಿ, ಟೆಲಿಕಾಂ ಸಂಸ್ಥೆಗಳಂಥ ಗಿರಾಕಿಗಳು ಹಳೆಯ ಮೇನ್‌ಫ್ರೇಮ್ ಬಿಟ್ಟು ಲಿನಕ್ಸ್‌ಗೆ ಬರಬೇಕಾದರೆ, ಯಂತ್ರ ಕೆಟ್ಟಾಗ ಕಾರಣ ಹುಡುಕುವ ಸಲಕರಣೆ ಅದರಲ್ಲೂ ಇರಬೇಕಿತ್ತು. ಲಿನಕ್ಸ್‌ನಲ್ಲಿ ಅದು ಇರಲಿಲ್ಲವೆಂದೇ ಹೇಳಬೇಕು. ಕರ್ನೆಲ್‌ನ ಯಜಮಾನ ಲಿನಸ್ ಟೊರ್ವಾಲ್ಡ್ಸ್‌ಗೆ ಡೀಬಗರ್‌ಗಳೆಂದರೆ ಅಸಡ್ಡೆ. ಸಂಕೇತವನ್ನು ಓದಿ, ಯೋಚಿಸಿ ತಪ್ಪು ಹಿಡಿಯಬೇಕೆಂಬ ಹಟ ಅವರದು. ಕುಸಿದ ಕರ್ನೆಲ್‌ನ ಮೆಮೊರಿಯನ್ನು ಉಳಿಸಿಡುವ ‘ಎಲ್‌ಕೆಸಿಡಿ’ ಎಂಬ ಯೋಜನೆಯನ್ನು ಅವರು 2002ರಲ್ಲಿ ತಿರಸ್ಕರಿಸಿದರು. ಈ ಹಟ ತೊಡಕಾದರೂ ಕೊನೆಗೆ ಒಳ್ಳೆಯದನ್ನೇ ಮಾಡಿತು. ಒಳಗೆ ಸೇರಬೇಕಾದದ್ದು ಚಿಕ್ಕದಾಗಿಯೂ ಅಚ್ಚುಕಟ್ಟಾಗಿಯೂ ಇರಲೇಬೇಕಾಯಿತು.

ಆ ಚಿಕ್ಕ ವಸ್ತುವೇ ‘ಕೆಪ್ರೋಬ್ಸ್’. ಇದರ ಪೂರ್ವಜ ‘ಡಿಪ್ರೋಬ್ಸ್’. ಐಬಿಎಂನ ಹಳೆಯ ಓಎಸ್/2 ವ್ಯವಸ್ಥೆಯ ಜಾಡು ಹಿಡಿಯುವ ಸೌಲಭ್ಯದಿಂದ ಹುಟ್ಟಿದ ಭಾರಿ ಗಾತ್ರದ ಯೋಜನೆ. ಅದರಿಂದ ತೀರಾ ಅಗತ್ಯವಾದ ಭಾಗವನ್ನಷ್ಟೇ ಬಿಡಿಸಿ ತೆಗೆಯಲಾಯಿತು. ಕೆಪ್ರೋಬ್ಸ್ ಕಡತದ ಮೇಲ್ಭಾಗದ ಟಿಪ್ಪಣಿಯೇ ಇದರ ವಂಶಾವಳಿ: 2002ರ ಅಕ್ಟೋಬರಿನಲ್ಲಿ ವಂಶಿಕೃಷ್ಣ ಮೊದಲ ರೂಪ ಬರೆದರು, 2004ರ ಜುಲೈಯಲ್ಲಿ ಸುಪರ್ಣಾ ಭಟ್ಟಾಚಾರ್ಯ ಫಂಕ್ಷನ್ನಿಗೆ ಬಂದ ಮೌಲ್ಯಗಳನ್ನು ಓದುವ ‘ಜೆಪ್ರೋಬ್ಸ್’ ಸೇರಿಸಿದರು, ಅದೇ ವರ್ಷ ಪ್ರಸನ್ನ ಪಂಚಮುಖಿ ತಿದ್ದಿ ಬೆಳೆಸಿದರು. 2004ರ ಅಕ್ಟೋಬರಿನಲ್ಲಿ ಹೊರಬಂದ 2.6.9 ಆವೃತ್ತಿಯಲ್ಲಿ ಅದು ಕರ್ನೆಲ್‌ನ ಅಂಗವಾಯಿತು. ಮುಂದೆ ಅದರ ನಿರ್ವಾಹಕರ ಪಟ್ಟಿಯಲ್ಲಿ ಅನಂತ್ ಮಾವಿನಕಾಯನಹಳ್ಳಿ ಅವರ ಹೆಸರು ಬಹುಕಾಲ ಇತ್ತು. ಅಚ್ಚಗನ್ನಡದ ಊರ ಹೆಸರೊಂದು ಹೀಗೆ ಜಗತ್ತಿನ ಮೂಲೆಮೂಲೆಯ ಕಂಪ್ಯೂಟರುಗಳನ್ನು ಸುತ್ತಿಬಂತು.

ಇದರ ಕೆಲಸದ ರೀತಿ ಹತ್ತಿರದಿಂದ ನೋಡುವಂಥದು. ಇಂಟೆಲ್ ಮಾದರಿಯ ಪ್ರೊಸೆಸರಿನಲ್ಲಿ ‘ನಿಲ್ಲು’ ಎನ್ನುವ ಸೂಚನೆಗೆ ಒಂದೇ ಬೈಟ್ ಸಾಕು. ಗಮನಿಸಬೇಕಾದ ಜಾಗದ ಮೊದಲ ಬೈಟನ್ನು ಕೆಪ್ರೋಬ್ಸ್ ಎತ್ತಿಟ್ಟುಕೊಂಡು ಅಲ್ಲಿ ಈ ಬೈಟನ್ನು ಕೂರಿಸುತ್ತದೆ. ಪ್ರೊಸೆಸರ್ ಅಲ್ಲಿಗೆ ಬಂದು ತಡೆದಾಗ, ತನಿಖೆ ಮಾಡುವವನು ಕೊಟ್ಟ ಪುಟ್ಟ ಫಂಕ್ಷನ್ ಓಡಿ ಬೇಕಾದ ಮೌಲ್ಯಗಳನ್ನು ಬರೆದುಕೊಳ್ಳುತ್ತದೆ. ಎತ್ತಿಟ್ಟ ಮೂಲ ಸೂಚನೆ ಅಷ್ಟರಲ್ಲಿ ಬೇರೊಂದು ಕಡೆ ನಕಲಾಗಿರುತ್ತದೆ. ಅದನ್ನು ಅಲ್ಲೇ ನಡೆಸಿ, ಏನೂ ಆಗಿಲ್ಲವೆಂಬಂತೆ ಮುಂದೆ ಕಳಿಸಲಾಗುತ್ತದೆ. ಓಡುವ ಬಸ್ಸಿನ ಎಂಜಿನ್ ಆರಿಸದೆ ಅದರ ಬಿಸಿ ಅಳೆದಂತೆ. ಕರ್ನೆಲ್ಲನ್ನು ಮತ್ತೆ ಕಂಪೈಲ್ ಮಾಡುವ, ಸರ್ವರನ್ನು ನಿಲ್ಲಿಸಿ ಎಬ್ಬಿಸುವ ಗೋಜಿಲ್ಲ. ಒಂದು ಮುಖ್ಯ ಕಟ್ಟುಪಾಡೆಂದರೆ, ಕೆಪ್ರೋಬ್ಸ್ ತನ್ನದೇ ಸಂಕೇತದೊಳಗೆ ಇಂಥ ಬೈಟ್ ಇಡುವಂತಿಲ್ಲ. ಇಟ್ಟರೆ ತಡೆ ತಡೆಯನ್ನೇ ಕರೆಯುತ್ತ ಯಂತ್ರ ಸತ್ತೇಹೋಗುತ್ತದೆ. 2005ರಲ್ಲಿ ಬಂದ ‘ಸಿಸ್ಟಮ್‌ಟ್ಯಾಪ್’, 2010ರ ‘ಪರ್ಫ್ ಪ್ರೋಬ್’ ಎರಡೂ ಕಮಾಂಡ್‌ಗಳು ಇದರ ಬೆನ್ನೇರಿಯೇ ಬಂದವು.

ಸತ್ತ ಕರ್ನೆಲ್‌ನ ಮರಣೋತ್ತರ ಪರೀಕ್ಷೆ ಇನ್ನೂ ಕಷ್ಟದ್ದು. ಕುಸಿದ ಕರ್ನೆಲ್ ತನ್ನ ಮೆಮೊರಿಯನ್ನು ತಾನೇ ಡಿಸ್ಕಿಗೆ ಬರೆಯಬೇಕೆಂದರೆ ಅದರ ಡಿಸ್ಕ್ ಡ್ರೈವರ್ ಸರಿಯಿದೆಯೆಂದು ನಂಬಬೇಕು. ಕೆಟ್ಟಿರುವುದು ಅದೇ ಇರಬಹುದು. 2005ರ ಆಗಸ್ಟಿನಲ್ಲಿ 2.6.13ರೊಂದಿಗೆ ಬಂದ ‘ಕೆಡಂಪ್’ ಇದಕ್ಕೆ ಬೇರೆ ದಾರಿ ಹಿಡಿಯಿತು. ಎರಿಕ್ ಬೀಡರ್ಮನ್ ರೂಪಿಸಿದ ‘ಕೆಎಕ್ಸೆಕ್’ ಒಂದು ಕರ್ನೆಲ್‌ನಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಯುವ ಸೌಲಭ್ಯ. ಬೆಂಗಳೂರಿನ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ, ಮನೀಶ್ ಸೋನಿ ಮೊದಲಾದವರು ಅದನ್ನು ಬಳಸಿ, ಯಂತ್ರ ಏಳುವಾಗಲೇ ಸ್ವಲ್ಪ ಮೆಮೊರಿ ಕಾದಿರಿಸಿ ಅಲ್ಲಿ ಎರಡನೆಯ ಕರ್ನೆಲ್ ಒಂದನ್ನು ಮಲಗಿಸಿಟ್ಟರು. ಮೊದಲನೆಯದು ಕುಸಿದ ಕೂಡಲೇ ಎರಡನೆಯದು ಎದ್ದು, ಹಳೆಯದರ ಮೆಮೊರಿಯನ್ನೆಲ್ಲ ‘ವಿಎಂಕೋರ್’ ಎಂಬ ಕಡತದಂತೆ ತೋರಿಸುತ್ತದೆ. ಅದನ್ನು ನಕಲಿಸಿಕೊಂಡು ‘ಕ್ರ್ಯಾಶ್’ ಎಂಬ ಕಮಾಂಡಿನಿಂದ ನಿಧಾನವಾಗಿ ಓದಬಹುದು. ಈ ಏರ್ಪಾಟು ಸರಿಯಿದೆಯೇ ಎಂದು ತಿಳಿಯಲು ಆಡಳಿತಗಾರ ‘ಸಿಸ್‌ಆರ್‌ಕ್ಯೂ ಟ್ರಿಗರ್’ ಎಂಬ ಕಡತಕ್ಕೆ ‘ಸಿ’ ಎಂಬ ಒಂದೇ ಅಕ್ಷರ ಬರೆಯುತ್ತಾನೆ. ಕರ್ನೆಲ್ ಅಲ್ಲೇ ಕುಸಿಯುತ್ತದೆ. ಪರೀಕ್ಷೆಗೆಂದು ಇಟ್ಟಿರದ ಸರ್ವರಿನಲ್ಲಿ ಇದನ್ನು ಮಾಡಬಾರದೆಂದು ಬೇರೆ ಹೇಳಬೇಕಿಲ್ಲ.

ಕುಸಿಯುವ ಮೊದಲೇ ತಪ್ಪು ಹಿಡಿಯುವ ಕೆಲಸ ‘ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್’‌ನದು. ಎಸ್‌ಜಿಐ ಕಂಪನಿ ಆರಂಭಿಸಿದ ಇದನ್ನು ಐಬಿಎಂ ಮುಂದುವರಿಸಿತು. ಕೆಲಕಾಲ ಇದರ ನಿರ್ವಹಣೆ ಭಾರತದ ತಂಡದ ಸುಬ್ರತ ಮೋದಕ್ ಅವರ ಕೈಯಲ್ಲಿತ್ತು. ‘ರನ್‌ಎಲ್‌ಟಿಪಿ’ ಎಂಬ ಒಂದು ಕಮಾಂಡ್ ಕೊಟ್ಟರೆ ನೂರಾರು ಪರೀಕ್ಷೆಗಳು ಸಾಲಾಗಿ ಓಡುತ್ತಿದ್ದವು.

ಹಿನ್ನೆಲೆ ಸೇವೆಗಳ ಕಡೆ ಹಳೆಯ ಪದ್ಧತಿ ಸಡಿಲವಾಗಿತ್ತು. ಪ್ರತಿ ಸೇವೆಗೊಂದು ಸ್ಕ್ರಿಪ್ಟ್; ಅದು ಸೇವೆಯ ಪ್ರಕ್ರಿಯೆ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಸೇವೆ ಮರಿ ಪ್ರಕ್ರಿಯೆಗಳನ್ನು ಹುಟ್ಟಿಸಿ ತಾನು ಸತ್ತರೆ ಆ ಸಂಖ್ಯೆ ನಿರುಪಯೋಗಿ, ಮರಿಗಳು ಅನಾಥ. 2008ರಲ್ಲಿ ಕರ್ನೆಲ್ ಸೇರಿದ ‘ಸಿಗ್ರೂಪ್’ ಪ್ರಕ್ರಿಯೆಗಳನ್ನು ಗುಂಪುಕಟ್ಟಿತು. ಅದರ ತಳಹದಿ ಗೂಗಲ್‌ನವರದು. ಗುಂಪು ಎಷ್ಟು ಮೆಮೊರಿ ನುಂಗಬಹುದೆಂದು ಮಿತಿ ಹಾಕುವ ಭಾಗ ಅದೇ ವರ್ಷದ 2.6.25ರಲ್ಲಿ ಬಂತು, ಬರೆದವರು ಐಬಿಎಂ ಭಾರತ ತಂಡದ ಬಲ್ಬೀರ್ ಸಿಂಗ್. ಪ್ರತಿ ಮೆಮೊರಿ ಪುಟಕ್ಕೂ ಲೆಕ್ಕವಿಡುವುದಕ್ಕೇ ಮೆಮೊರಿ ಖರ್ಚಾಗುತ್ತದೆಂದು ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಅದನ್ನು ಬಹುಕಾಲ ಮುಚ್ಚಿಯೇ ಇಟ್ಟಿತ್ತು. ಸೇವೆಗಳನ್ನು ಆರಂಭಿಸಿ ನೋಡಿಕೊಳ್ಳಲು 2010ರಲ್ಲಿ ಪ್ರಕಟವಾದ ‘ಸಿಸ್ಟಮ್‌ಡಿ’ ಸಿಗ್ರೂಪ್‌ಗಳನ್ನೇ ಅಡಿಪಾಯ ಮಾಡಿಕೊಂಡಿತು: ಒಂದು ಸೇವೆಗೆ ಒಂದು ಗುಂಪು, ನಿಲ್ಲಿಸಿದರೆ ಮರಿಗಳ ಸಮೇತ ಇಡೀ ಗುಂಪೇ ನಿಲ್ಲುತ್ತದೆ. ಪರೀಕ್ಷೆಗೂ ಇದರಿಂದ ಅನುಕೂಲವಾಯಿತು. ಸೇವೆಯೊಂದಕ್ಕೆ 64 ಎಂಬಿಯ ಮಿತಿ ಹಾಕಿ, ಹೊಟ್ಟೆ ಬರಿದಾದಾಗ ಅದು ಹೇಗೆ ವರ್ತಿಸುತ್ತದೆ ಎಂದು ಉಳಿದ ಯಂತ್ರಕ್ಕೆ ಧಕ್ಕೆಯಾಗದಂತೆ ನೋಡಬಹುದು. ಕುಷ್ಟಗಿ ತಾಲೂಕಿನ ತಾವರಗೇರಾದಲ್ಲಿ ಯಾರದೋ ಅಂಗಿ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನ್ ಕೂಡ ಲಿನಕ್ಸ್ ಕರ್ನೆಲ್ ಮೇಲೆಯೇ ಓಡುವುದು. ಅದರ ಹಿನ್ನೆಲೆ ಆ್ಯಪ್‌ಗಳನ್ನು ಹತೋಟಿಯಲ್ಲಿಡುವುದೂ ಸಿಗ್ರೂಪ್‌ಗಳೇ.

ಕೆಪ್ರೋಬ್ಸ್ ಕರ್ನೆಲ್ಲಿಗೆ ಮಾಡಿದ್ದನ್ನು ಸಾಮಾನ್ಯ ಪ್ರೋಗ್ರಾಮುಗಳಿಗೆ ಮಾಡುವ ‘ಯೂಪ್ರೋಬ್ಸ್’ಗೆ ಹಾದಿ ಸಲೀಸಾಗಿರಲಿಲ್ಲ. ಶ್ರೀಕರ್ ದ್ರೋಣಂರಾಜು ಮತ್ತು ಜಿಮ್ ಕೆನಿಸ್ಟನ್ ಬರೆದ ಆ ಕಡತದ ಹಕ್ಕುಸಾಮ್ಯದ ಸಾಲಿನಲ್ಲಿ 2008–2012 ಎಂದಿದೆ. ಆಕ್ಷೇಪ, ತಿದ್ದುಪಡಿ, ಮತ್ತೆ ಆಕ್ಷೇಪ ಎನ್ನುತ್ತ ಆ ವರ್ಷಗಳು ಕಳೆದವು. 2012ರ ಜುಲೈಯಲ್ಲಿ 3.5 ಆವೃತ್ತಿಯೊಂದಿಗೆ ಅದು ಒಳಬಂತು. ಡೇಟಾಬೇಸ್ ಅಥವಾ ವೆಬ್ ಸರ್ವರನ್ನು ನಿಲ್ಲಿಸದೆಯೇ ಅದರ ಯಾವ ಫಂಕ್ಷನ್ ಎಷ್ಟು ಸಲ ಓಡಿತೆಂದು ಲೆಕ್ಕ ಹಾಕುವುದು ಆಗಿನಿಂದ ಸಾಧ್ಯವಾಯಿತು.

2015ರ 4.1 ಆವೃತ್ತಿಯಲ್ಲಿ, ಕರ್ನೆಲ್‌ನೊಳಗೇ ಓಡುವ ಪುಟ್ಟ ‘ಇಬಿಪಿಎಫ್’ ಪ್ರೋಗ್ರಾಮುಗಳನ್ನು ಕೆಪ್ರೋಬ್ಸ್‌ಗೆ ಸಿಕ್ಕಿಸುವ ಸೌಲಭ್ಯ ಬಂತು. ‘ಬಿಪಿಎಫ್‌ಟ್ರೇಸ್’ ಕಮಾಂಡಿನಲ್ಲಿ ಈಗ ಒಂದೇ ಸಾಲಿನಲ್ಲಿ ಬರೆಯುವ ಪ್ರಶ್ನೆಗೆ ಹಿಂದೆ ಕರ್ನೆಲ್ ಮಾಡ್ಯೂಲೊಂದನ್ನೇ ಬರೆಯಬೇಕಿತ್ತು. ಇವುಗಳ ಮುಂದೆ ಜೆಪ್ರೋಬ್ಸ್ ಹಳತಾಯಿತು; 2018ರಲ್ಲಿ ಅದನ್ನು ಕರ್ನೆಲ್‌ನಿಂದ ತೆಗೆದುಹಾಕಲಾಯಿತು. ಕೆಪ್ರೋಬ್ಸ್‌ನ ಮುಖ್ಯ ಹೊಣೆ ಇಂದು ಜಪಾನಿನ ಮಸಾಮಿ ಹಿರಮತ್ಸು ಅವರ ಮೇಲಿದೆ.