ಹೆಂಚು ಹೊತ್ತವರು

ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಆರಂಭಿಸಿದರೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ನೇತ್ರಾವತಿಯ ದಂಡೆಯಲ್ಲಿ ಬೆಳೆದ ನನಗೆ ಆ ಚರಿತ್ರೆಯ ಇನ್ನೊಂದು ಮಗ್ಗುಲೂ ಗೊತ್ತು.

1970ರ ದಶಕದಲ್ಲಿ ನಮ್ಮ ಕೇರಿಗೆ ಕಾರ್ಖಾನೆಯ ಕೂಗೇ ಗಡಿಯಾರ. ದೋಣಿಯಲ್ಲಿ ಬಂದ ಜೇಡಿಮಣ್ಣನ್ನು ಹದಮಾಡಿ, ಯಂತ್ರದಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಡುತ್ತಿದ್ದರು. ಮಣ್ಣನ್ನೂ ಹಸಿ ಹೆಂಚನ್ನೂ ಹೊರುತ್ತಿದ್ದ ನಮ್ಮ ಕೇರಿಯ ಹೆಂಗಸರಲ್ಲಿ ಅಮ್ಮನೂ ಒಬ್ಬಳು. ಸಂಜೆ ಮನೆಗೆ ಬಂದು, ಒಲೆ ಹಚ್ಚಿ, ಮತ್ತೆ ಬೀಡಿಯ ಮೊರ ಹಿಡಿದು ಕೂರುತ್ತಿದ್ದಳು. ನನ್ನ ಬಿ.ಎಡ್. ಫೀಸು ಹುಟ್ಟಿದ್ದು ಆ ಮೊರದಲ್ಲೇ.

ಕಾಂಕ್ರೀಟ್ ತಾರಸಿ ಬಂದ ಮೇಲೆ ಹೆಂಚಿಗೆ ಗಿರಾಕಿಗಳು ಕಡಿಮೆಯಾದರು. ಒಂದೊಂದಾಗಿ ಚಿಮಣಿಗಳು ತಣ್ಣಗಾದವು. ಅಮ್ಮ ದುಡಿದ ಕಾರ್ಖಾನೆಯೂ ಬಾಗಿಲು ಹಾಕಿತು. ನಮ್ಮ ಕೇರಿಯ ಹುಡುಗರು ಮುಂಬಯಿಗೆ, ಗಲ್ಫಿಗೆ ಹೋದರು. ಹೆಂಗಸರಿಗೆ ಬೀಡಿಯೊಂದೇ ಉಳಿಯಿತು. ಮಣ್ಣು ಇಳಿಸುತ್ತಿದ್ದ ಜಾಗದಲ್ಲಿ ಈಗ ಫ್ಲ್ಯಾಟುಗಳು ನಿಂತಿವೆ.

ಹಳೆಯ ಹೆಂಚಿನ ಬೆನ್ನ ಮೇಲೆ ಕಂಪೆನಿಯ ಹೆಸರಿದೆ, ಕೆಲವದರಲ್ಲಿ ಇಸವಿಯೂ ಇದೆ. ಹೊತ್ತವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಆದ್ದರಿಂದ ಆ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ: ಅಜ್ಜಿ ಎಲ್ಲಿ ದುಡಿದಳು, ಏನು ಮಾಡಿದಳು, ಎಷ್ಟು ಕೂಲಿ ಸಿಕ್ಕಿತು, ಕೇಳಿ ಬರೆದು ತನ್ನಿ. ನಿಮ್ಮ ಮನೆಯ ಅಜ್ಜಿಯನ್ನೂ ಕೇಳಿ ನೋಡಿ. ಹೇಳುವವರು ಇನ್ನೂ ಇದ್ದಾರೆ.